ಮನೆಯ ಪರಿಮಳವೂ ಮನೆಯವರ ಉಸಿರೂ

ಸಂಜೆಯ ವೇಳೆ, ದೀಪ ಹಚ್ಚುವ ಹೊತ್ತು. ಅಂಗಳಕ್ಕೆ ನೀರು ಚಿಮುಕಿಸಿ, ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು, ದೇವರ ಮುಂದೆ ಎರಡು ಊದಿನ ಕಡ್ಡಿಗಳನ್ನು ಹಚ್ಚಿ ಕೈಮುಗಿದು ನಿಲ್ಲುವ ಗೃಹಿಣಿಯನ್ನು ಕಾಣದವರು ಕನ್ನಡ ನಾಡಿನಲ್ಲಿ ಯಾರಿದ್ದಾರೆ? ಆ ನೀಲಿಯ ಹೊಗೆಯ ಎಳೆ ಮೇಲೇರಿ ಮನೆಯೆಲ್ಲವನ್ನೂ ವ್ಯಾಪಿಸುವಾಗ ಹಗಲಿನ ದುಡಿಮೆಯ ಬೇಸರವು ಕಳೆದು ಮನಸ್ಸಿಗೆ ಒಂದು ಬಗೆಯ ಶಾಂತಿಯುಂಟಾಗುವುದು ನಮ್ಮೆಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಇಂತಹ ಪದಾರ್ಥದ ವಿಷಯದಲ್ಲಿ ದೋಷವನ್ನೆಣಿಸಲು ಹೊರಡುವವರು ಮೊದಲು ವಾಚಕರ ಕ್ಷಮೆಯನ್ನು ಬೇಡಬೇಕಾಗುವುದು. ಆದರೂ ಮನೆಯವರ ಆರೋಗ್ಯವು ಸಂಪ್ರದಾಯದಷ್ಟೇ ಪೂಜ್ಯವಾದುದಾದಕಾರಣ ನಾವು ಈ ಮಾತನ್ನು ಎತ್ತಿಕೊಂಡಿದ್ದೇವೆ.

ಈಚೆಗೆ ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ನಾಲ್ಕು ದಿನ ಉಳಿಯಬೇಕಾದ ಪ್ರಸಂಗ ನಮಗೆ ಬಂದಿತು. ಐದನೆಯ ಅಂತಸ್ತಿನಲ್ಲಿ ಮೂರು ಕೋಣೆಗಳ ಮನೆ. ರಸ್ತೆಯ ಧೂಳಿಗೂ ಸೊಳ್ಳೆಗೂ ಹೆದರಿ ಕಿಟಕಿಗಳನ್ನು ಸದಾ ಮುಚ್ಚಿಯೇ ಇಟ್ಟಿರುತ್ತಿದ್ದರು. ಅವರ ಆರು ವರ್ಷದ ಮಗಳಿಗೆ ಉಬ್ಬಸದ ತೊಂದರೆ. ವಾರದ ಉಳಿದ ದಿನಗಳಲ್ಲಿ ಹೇಗಾದರೂ ಇರುತ್ತಿದ್ದ ಮಗು ಶುಕ್ರವಾರದ ರಾತ್ರಿ ಮಾತ್ರ ತಪ್ಪದೆ ಕೆಮ್ಮಿ ಕೆಮ್ಮಿ ಎದ್ದು ಕುಳಿತುಕೊಳ್ಳುವುದೆಂದು ತಾಯಿ ಹೇಳಿದರು. “ಮನೆಯಲ್ಲಿ ಹೊಗೆಯೇನಾದರೂ ಉಂಟೇ?” ಎಂದು ವೈದ್ಯರು ಕೇಳಿದ್ದರಂತೆ. “ಇಲ್ಲ, ನಮ್ಮಲ್ಲಿ ಯಾರೂ ಬೀಡಿ ಸಿಗರೇಟು ಸೇದುವುದಿಲ್ಲ, ಅಡುಗೆಯೂ ಗ್ಯಾಸಿನ ಒಲೆಯಲ್ಲಿಯೇ” ಎಂದು ಇವರು ಉತ್ತರ ಕೊಟ್ಟಿದ್ದರು. ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಶುಕ್ರವಾರ ಸಂಜೆ ನಾವು ಕಣ್ಣಾರೆ ಕಂಡದ್ದೇನು? ದೇವರ ಗೂಡಿನ ಮುಂದೆ ಆರು ಊದುಬತ್ತಿಗಳು, ಒಂದು ಧೂಪದ ಗೋಪುರ, ಮೇಲೆ ಕರ್ಪೂರದಾರತಿ. ಅದಾದ ಮೇಲೆ ಅಜ್ಜಿಯವರು ಕೆಂಡದ ಮೇಲೆ ಸಾಂಬ್ರಾಣಿಯನ್ನುದುರಿಸಿ ಕೋಣೆಕೋಣೆಗೂ ಹಿಡಿದು ಬಂದರು. ಮಲಗುವ ಹೊತ್ತಿಗೆ ಮಂಚದ ಕೆಳಗೆ ಸೊಳ್ಳೆಯ ಸುರುಳಿ. ಇವುಗಳಲ್ಲಿ ಒಂದಾದರೂ ಆ ಮನೆಯವರ ಎಣಿಕೆಯಲ್ಲಿ ‘ಹೊಗೆ’ಯಾಗಿರಲಿಲ್ಲ! ಕಣ್ಣಿಗೆ ಉರಿಯನ್ನು ತರುವುದು ಹೊಗೆ, ಮೂಗಿಗೆ ಇಂಪಾದುದು ಪರಿಮಳ ಎಂಬುದು ಅವರ ಭಾವನೆ. ಅವರದು ಮಾತ್ರವೇಕೆ, ನಮ್ಮೆಲ್ಲರ ಭಾವನೆಯೂ ಅದೇ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತೂ ಇದೊಂದೇ: ಶ್ವಾಸಕೋಶಕ್ಕೆ ಮೂಗಿನ ರುಚಿ ತಿಳಿಯದು; ಅದಕ್ಕೆ ಹೊಗೆಯೆಲ್ಲವೂ ಹೊಗೆಯೇ.

ಪರಿಮಳದ ಹವ್ಯಾಸ ನಮಗೆ ನಿನ್ನೆ ಮೊನ್ನೆಯದಲ್ಲ. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳನ್ನು ಕೂಡಿಸುವ ವಿಚಾರಕ್ಕೆ ಸ್ಥಳವಿದೆ. ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನ ಸಂಸ್ಕೃತಗ್ರಂಥವಾದ ‘ಮಾನಸೋಲ್ಲಾಸ’ವು ರಾಜನ ಭೋಗಗಳಲ್ಲಿ ಧೂಪವನ್ನೂ ಒಂದಾಗಿ ಎಣಿಸಿದೆ. ಪಂಚೋಪಚಾರಗಳಲ್ಲಿ ಗಂಧಪುಷ್ಪಗಳ ತರುವಾಯ ಧೂಪವೇ ಬರುತ್ತದೆ. ಶ್ರೀಗಂಧದ ನಾಡಾದ ಮೈಸೂರಿನಲ್ಲಿ ಊದುಬತ್ತಿಯು ದೊಡ್ಡ ಕೈಗಾರಿಕೆಯಾಗಿ ಬೆಳೆದುದೂ, ‘ಮೈಸೂರು ಅಗರಬತ್ತಿ’ಗೆ ೨೦೦೫ರಲ್ಲಿ ಸ್ಥಳವಿಶೇಷದ ಹಕ್ಕಿನ ಮನ್ನಣೆ ದೊರೆತುದೂ ನಮಗೆ ಅಭಿಮಾನದ ಸಂಗತಿಗಳೇ.

ಹಾಗಾದರೆ ಹಿಂದಿನವರಿಗಿಲ್ಲದ ತೊಂದರೆ ಈಗೇಕೆ ಎಂದು ಕೆಲವರು ಕೇಳಬಹುದು. ಹಿಂದಿನವರಿಗೆ ತೊಂದರೆಯೇ ಇರಲಿಲ್ಲವೆಂದು ಹೇಳುವ ಹಾಗಿಲ್ಲ. ಕೆಮ್ಮು ದಮ್ಮುಗಳಿಗೆ ಕಾರಣವನ್ನು ಹುಡುಕುವ ಸಾಧನವು ಅವರಿಗಿರಲಿಲ್ಲವೆಂಬುದೇ ನಿಜ. ಆದರೆ ಎರಡು ಸಂಗತಿಗಳು ಬದಲಾಗಿರುವುದೂ ಸತ್ಯ. ಒಂದು, ಮನೆ. ತೊಟ್ಟಿಯ ಮನೆಯಲ್ಲಿ ನಡುವೆ ಆಕಾಶವೇ ತೆರೆದಿತ್ತು. ಹಂಚಿನ ಸಂದಿನಲ್ಲಿಯೂ ಗವಾಕ್ಷಿಯಲ್ಲಿಯೂ ಹೊಗೆಯು ತಾನಾಗಿಯೇ ಹೊರಗೆ ಹೋಗುತ್ತಿತ್ತು. ಈಗಿನ ಗಾರೆಯ ಮನೆಯಲ್ಲಿ ಕಿಟಕಿಗೆ ಗಾಜು, ಗಾಜಿಗೆ ಪರದೆ, ಬಾಗಿಲಿಗೆ ಬೀಗ. ಹೊಕ್ಕ ಹೊಗೆಗೆ ಹೊರಡಲು ದಾರಿಯಿಲ್ಲ. ಎರಡು, ಕಡ್ಡಿ. ಗಂಧದ ಪುಡಿ, ಲಾವಂಚ, ಕಚೋರ ಮೊದಲಾದುವನ್ನು ಅರೆದು ಹೊಸೆದ ಮಸಾಲೆಯ ಬತ್ತಿ ಇಂದಿಗೂ ಇದೆಯಾದರೂ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವುದು ಬೇರೆ. ಬಿದಿರಿನ ಕಡ್ಡಿಯ ಮೇಲೆ ಇದ್ದಿಲಿನ ಪುಡಿ, ಮರದ ಹೊಟ್ಟು, ‘ಜಿಗಟು’ ಎಂದು ಕರೆಯುವ ಅಂಟುಳ್ಳ ತೊಗಟೆಯ ಪುಡಿ ಇವುಗಳನ್ನು ಲೇಪಿಸಿ ಒಣಗಿಸಿ, ಅನಂತರ ಸುಗಂಧತೈಲದಲ್ಲಿ ಅದ್ದಿ ತೆಗೆಯುವುದು ಇದರ ಕ್ರಮ. ಆ ತೈಲವು ಬಹುಮಟ್ಟಿಗೆ ಕೃತಕವಾದುದು. ಅದನ್ನು ತೆಳುವಾಗಿಸುವುದಕ್ಕೆ ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕ ದ್ರವವನ್ನು ಬೆರೆಸುವುದು ವಾಡಿಕೆ. ಆದಕಾರಣ ಮಲ್ಲಿಗೆಯ ಚಿತ್ರವುಳ್ಳ ಪೊಟ್ಟಣದಲ್ಲಿ ಮಲ್ಲಿಗೆಯೇ ಇರುವುದೆಂದು ನಂಬಲು ಕಾರಣವಿಲ್ಲ.

ಇನ್ನು ಹೊಗೆಯಲ್ಲಿ ಏನಿದೆಯೆಂಬುದನ್ನು ನೋಡೋಣ. ಊದುಬತ್ತಿಯು ಜ್ವಾಲೆಯಿಂದ ಉರಿಯುವುದಿಲ್ಲ. ಕೆಂಡವಾಗಿ ಮೆಲ್ಲಗೆ ಕಮರುತ್ತದೆ. ಹೀಗೆ ಅರೆಬರೆಯಾಗಿ ಬೇಯುವ ಪದಾರ್ಥವು ಪೂರ್ಣವಾಗಿ ಉರಿಯುವ ಪದಾರ್ಥಕ್ಕಿಂತ ಹೆಚ್ಚು ಹೊಗೆಯನ್ನು ಕಕ್ಕುವುದು ಸ್ವಾಭಾವಿಕ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಸಾರಜನಕದ ಆಕ್ಸೈಡುಗಳು, ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ಆವಿಗಳಿರುವುದಲ್ಲದೆ ಕಣ್ಣಿಗೆ ಬಿಡಿಯಾಗಿ ಕಾಣದ ಅತಿಸೂಕ್ಷ್ಮ ಕಣಗಳೂ ಇರುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವಾದ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿಗಿಂತಲೂ ಚಿಕ್ಕವಾದ, ಈ ಕಣಗಳನ್ನು ಮೂಗಿನ ರೋಮಗಳಾಗಲಿ ಗಂಟಲಿನ ಶ್ಲೇಷ್ಮವಾಗಲಿ ತಡೆಯಲಾರವು. ಅವು ನೆಟ್ಟಗೆ ಶ್ವಾಸಕೋಶದ ತುತ್ತತುದಿಯ ಗೂಡುಗಳಿಗೆ ಇಳಿಯುತ್ತವೆ. ೨೦೦೮ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಸಮಾಲೋಚನೆಯಲ್ಲಿ, ಒಂದು ಗ್ರಾಂ ಊದುಬತ್ತಿ ಸುಟ್ಟಾಗ ೪೫ ಮಿಲಿಗ್ರಾಮಿಗೂ ಮೀರಿದ ಕಣಗಳು ಹೊರಡುವುವೆಂದೂ, ಅಷ್ಟೇ ತೂಕದ ಸಿಗರೇಟಿನಿಂದ ಹೊರಡುವುದು ಸುಮಾರು ೧೦ ಮಿಲಿಗ್ರಾಂ ಎಂದೂ ಲೆಕ್ಕ ಕೊಟ್ಟಿದ್ದಾರೆ. ಇದನ್ನು ಓದಿ, ಊದುಬತ್ತಿ ಹಚ್ಚುವವನು ಸಿಗರೇಟು ಸೇದುವವನಿಗಿಂತ ಕೆಟ್ಟನೆಂದು ಭಾವಿಸಬಾರದು. ಸಿಗರೇಟು ಸೇದುವವನು ಹೊಗೆಯನ್ನು ನೇರವಾಗಿ ಎದೆಯೊಳಕ್ಕೆ ಎಳೆದುಕೊಳ್ಳುತ್ತಾನೆ. ಊದುಬತ್ತಿಯ ಹೊಗೆ ಕೋಣೆಯ ಗಾಳಿಯಲ್ಲಿ ಹರಡಿಕೊಂಡು ತಿಳಿಯಾಗುತ್ತದೆ. ಆದರೆ ಆ ಕೋಣೆ ಚಿಕ್ಕದಾಗಿ, ಕಿಟಕಿ ಮುಚ್ಚಿದ್ದು, ಕಡ್ಡಿಗಳು ಆರಾಗಿ, ಒಳಗೆ ಮಗುವೊಂದು ಮಲಗಿದ್ದರೆ ಆಗ ಲೆಕ್ಕವು ಬದಲಾಗುವುದು.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೊರಡಿಸಿದ ಸೂಚನೆಯಂತೆ ಇಂತಹ ಸೂಕ್ಷ್ಮಕಣಗಳು ದಿನವೊಂದರ ಸರಾಸರಿಯಲ್ಲಿ ಘನಮೀಟರು ಗಾಳಿಗೆ ೧೫ ಮೈಕ್ರೊಗ್ರಾಮನ್ನು ಮೀರಬಾರದು. ಬಯಲಿನ ಗಾಳಿಗೆ ಭಾರತವು ವಿಧಿಸಿಕೊಂಡಿರುವ ಮಿತಿ ೬೦ ಮೈಕ್ರೊಗ್ರಾಂ. ರಸ್ತೆಯ ಗಾಳಿಯು ಕೆಟ್ಟಿದೆಯೆಂದು ಕಿಟಕಿ ಮುಚ್ಚಿಕೊಂಡು ಒಳಗೆ ನಾವೇ ಹೊಗೆ ಹಾಕಿಕೊಳ್ಳುವುದು, ಮಳೆಗೆ ಹೆದರಿ ಕೆರೆಗೆ ಹಾರಿದಂತಾಗುವುದಿಲ್ಲವೇ?

ದೀರ್ಘಕಾಲದ ಪರಿಣಾಮವನ್ನು ಕುರಿತು ಸಿಂಗಪುರದಲ್ಲಿ ನಡೆದ ಸಂಶೋಧನೆಯು ಗಮನಾರ್ಹವಾದುದು. ಅಲ್ಲಿಯ ಚೀನೀ ಜನರಲ್ಲಿಯೂ ದೇವರಿಗೂ ಪಿತೃಗಳಿಗೂ ಧೂಪದ ಕಡ್ಡಿ ಹಚ್ಚುವುದು ನಮ್ಮಲ್ಲಿರುವಂತೆಯೇ ನಿತ್ಯಾಚಾರ. ೪೫ರಿಂದ ೭೪ ವರ್ಷ ವಯಸ್ಸಿನ ೬೧,೩೨೦ ಮಂದಿಯನ್ನು ೧೯೯೩ರಿಂದ ೧೯೯೮ರ ಒಳಗೆ ಪಟ್ಟಿಗೆ ಸೇರಿಸಿಕೊಂಡು ೨೦೦೫ರವರೆಗೆ ಅವರ ಆರೋಗ್ಯವನ್ನು ಗಮನಿಸಿದರು. ಬಹುಕಾಲ, ಬಹುವಾಗಿ ಧೂಪದ ಹೊಗೆಯಲ್ಲಿದ್ದವರಿಗೆ ಬಾಯಿ, ಗಂಟಲು ಮೊದಲಾದ ಉಸಿರಿನ ಮೇಲ್ದಾರಿಯ ಕೆಲವು ಬಗೆಯ ಅರ್ಬುದರೋಗಗಳೂ, ಶ್ವಾಸಕೋಶದ ಒಂದು ಜಾತಿಯ ಅರ್ಬುದವೂ ಹೆಚ್ಚಾಗಿ ಬಂದುದು ಕಂಡುಬಂದಿತು. ಶ್ವಾಸಕೋಶದ ಅರ್ಬುದವನ್ನು ಒಟ್ಟಾಗಿ ತೆಗೆದುಕೊಂಡರೆ ಅಂತಹ ಸಂಬಂಧ ಕಾಣಲಿಲ್ಲ. ಅದೇ ಸಮುದಾಯವನ್ನು ಕುರಿತು ೨೦೧೪ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ, ದೀರ್ಘಕಾಲದಿಂದ ಮನೆಯಲ್ಲಿ ಧೂಪ ಹಚ್ಚುತ್ತಿರುವವರಿಗೆ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಮೃತ್ಯು ಸಂಭವಿಸುವ ಪ್ರಮಾಣವು ನೂರಕ್ಕೆ ಹನ್ನೆರಡರಷ್ಟು ಹೆಚ್ಚೆಂದು ಹೇಳಿದೆ. ಇಂತಹ ಅಧ್ಯಯನಗಳು ಸಂಬಂಧವನ್ನು ತೋರಿಸುವುವೇ ಹೊರತು ಇಂಥವನಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾರವು. ದಿನಕ್ಕೊಂದು ಕಡ್ಡಿ ಹಚ್ಚಿದವರೆಲ್ಲ ರೋಗಿಗಳಾಗುವರೆಂಬ ಭಯಕ್ಕೂ ಇಲ್ಲಿ ಆಸ್ಪದವಿಲ್ಲ. ಆದರೆ ‘ದೇವರ ಹೊಗೆ ಏನೂ ಮಾಡದು’ ಎಂಬ ಧೈರ್ಯಕ್ಕೂ ಇಲ್ಲಿ ಆಸ್ಪದವಿಲ್ಲವೆಂಬುದನ್ನು ಗಮನಿಸಬೇಕು.

ಯಾರಿಗೆ ಹೆಚ್ಚು ಅಪಾಯ? ಉಬ್ಬಸವುಳ್ಳವರಿಗೆ, ಹೃದ್ರೋಗಿಗಳಿಗೆ, ಗರ್ಭಿಣಿಯರಿಗೆ, ಮುದುಕರಿಗೆ, ಎಲ್ಲರಿಗಿಂತ ಮಿಗಿಲಾಗಿ ಮಕ್ಕಳಿಗೆ. ಮಗುವು ತನ್ನ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ಅದರ ಶ್ವಾಸಕೋಶವೂ ಇನ್ನೂ ಬೆಳೆಯುತ್ತಿರುವುದು. ತನಗೆ ಎದೆ ಬಿಗಿಯುತ್ತಿದೆಯೆಂದು ಹೇಳುವ ಮಾತೂ ಅದಕ್ಕೆ ಬಾರದು.

ಊದುಬತ್ತಿಯೊಂದನ್ನೇ ದೂರುವುದು ನ್ಯಾಯವಲ್ಲ. ಸೊಳ್ಳೆಯ ಸುರುಳಿಯ ವಿಚಾರವನ್ನು ನೋಡಿರಿ. ೨೦೦೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದು ಸುರುಳಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮಕಣಗಳು ೭೫ರಿಂದ ೧೩೭ ಸಿಗರೇಟುಗಳು ಉರಿದಾಗ ಬರುವ ಕಣಗಳಿಗೆ ಸಮವೆಂದು ಕಂಡುಬಂದಿತು. ಇದನ್ನು ಮಂಚದ ಕೆಳಗಿಟ್ಟು ಬಾಗಿಲು ಹಾಕಿಕೊಂಡು ಎಂಟು ಗಂಟೆ ಮಲಗುತ್ತೇವೆ! ಊದುಬತ್ತಿಯ ರೂಪದಲ್ಲಿಯೇ ಸೊಳ್ಳೆ ಓಡಿಸುವ ಕಡ್ಡಿಗಳೂ ಈಗ ಬಂದಿವೆ. ಕೀಟನಾಶಕಗಳನ್ನು ೧೯೬೮ರ ಕಾಯಿದೆಯ ಪ್ರಕಾರ ನೋಂದಾಯಿಸಿದ ಹೊರತು ಮಾರುವಂತಿಲ್ಲ. ಆದಕಾರಣ ನೋಂದಣಿಯ ಸಂಖ್ಯೆಯಿಲ್ಲದ ಪೊಟ್ಟಣವನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಬಾರದು. ಸೊಳ್ಳೆಯಿಂದ ಬರುವ ಮಲೇರಿಯ, ಡೆಂಗೆ ಜ್ವರಗಳೇನೂ ಸಾಮಾನ್ಯವಲ್ಲ. ಆದರೆ ಹಳೆಯ ಸೊಳ್ಳೆಪರದೆಯು ಹೊಗೆಯಿಲ್ಲದೆ ಆ ಕೆಲಸವನ್ನು ಮಾಡಿಕೊಡುವುದು.

ಬಾಣಂತಿಯ ಕೋಣೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೂಸಿಗೆ ಎಣ್ಣೆ ನೀರು ಹಾಕಿ ಸಾಂಬ್ರಾಣಿಯ ಹೊಗೆ ತೋರಿಸುವುದು, ಬಾಣಂತಿಯ ಕೂದಲನ್ನು ಆ ಹೊಗೆಯಲ್ಲಿ ಒಣಗಿಸುವುದು, ಶೀತವಾದೀತೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿಯೇ ಇರಿಸಿ ಕಿಟಕಿಯ ಸಂದುಗಳನ್ನೂ ಬಟ್ಟೆಯಿಂದ ಮುಚ್ಚುವುದು ನಮ್ಮಲ್ಲಿ ಬಳಕೆಯಲ್ಲಿದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಕೊನೆಗೆ ಮರಣ. ನಿದ್ರೆ ಬಂದಿದೆಯೆಂದು ನೋಡುವವರು ತಿಳಿದಿರುವಾಗಲೇ ಪ್ರಾಣ ಹೋಗಿರುವುದುಂಟು. ಸಾಂಬ್ರಾಣಿಯ ಪರಿಮಳವು ಈ ವಿಷವನ್ನು ತಡೆಯುವುದಿಲ್ಲ. ಕೋಣೆಯು ಹಿತವಾಗಿದೆಯೆಂಬ ಭ್ರಮೆಯನ್ನು ಮಾತ್ರ ಹುಟ್ಟಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನು ಎಂದಿಗೂ ಇಡಕೂಡದು.

ಕರ್ಪೂರವು ಇನ್ನೊಂದು. ಈಗ ಪೂಜೆಗೆ ಬಳಸುವ ಕರ್ಪೂರವು ಬಹುತೇಕ ಟರ್ಪೆಂಟೈನ್ ಎಣ್ಣೆಯಿಂದ ಮಾಡಿದ ಕೃತಕ ಪದಾರ್ಥ. ಆರತಿಯ ಒಂದು ಬಿಲ್ಲೆ ನಿಮಿಷದಲ್ಲಿ ಉರಿದುಹೋಗುವುದರಿಂದ ಅದರ ಹೊಗೆಗಿಂತಲೂ ಬಿಲ್ಲೆಯೇ ಹೆಚ್ಚು ಅಪಾಯಕರ. ಬೆಳ್ಳಗೆ ಮುದ್ದಾಗಿ ಕಲ್ಲುಸಕ್ಕರೆಯಂತೆ ಕಾಣುವ ಅದನ್ನು ಚಿಕ್ಕ ಮಗುವು ಬಾಯಿಗೆ ಹಾಕಿಕೊಳ್ಳುವುದು ಸುಲಭ. ಒಂದು ಗ್ರಾಮಿನಷ್ಟು ಹೊಟ್ಟೆಗೆ ಹೋದರೂ ಎಳೆಯ ಮಕ್ಕಳಿಗೆ ಅಪಸ್ಮಾರದಂತಹ ಸೆಳವು ಬಂದು ಪ್ರಾಣಕ್ಕೇ ಮುಟ್ಟಿರುವ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲೆಯಾಗಿವೆ. ನೆಗಡಿಯಾಯಿತೆಂದು ಕೊಬ್ಬರಿಯೆಣ್ಣೆಯಲ್ಲಿ ಕರ್ಪೂರವನ್ನು ಕರಗಿಸಿ ಹಸುಗೂಸಿನ ಎದೆಗೂ ಮೂಗಿಗೂ ಹಚ್ಚುವ ವಾಡಿಕೆಯನ್ನು ಬಿಡುವುದು ಲೇಸು. ಅದು ಚರ್ಮದ ಮೂಲಕವೂ ಮೈಗೆ ಇಳಿಯುವುದು. ಮಗುವು ಕರ್ಪೂರವನ್ನು ನುಂಗಿದರೆ ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಬಟ್ಟೆಯ ಪೆಟ್ಟಿಗೆಯಲ್ಲಿಯೂ ಬಚ್ಚಲ ಮೂಲೆಯಲ್ಲಿಯೂ ನಾವು ಹಾಕುವ ಬಿಳಿಯ ನುಸಿಗುಳಿಗೆಗಳೂ ‘ಒಳ್ಳೆಯ ವಾಸನೆ’ಯ ಸಾಲಿಗೇ ಸೇರಿವೆ. ನ್ಯಾಫ್ತಲೀನ್ ಎಂಬ ಪದಾರ್ಥದಿಂದಾದ ಈ ಗುಳಿಗೆಗಳ ಆವಿಯು, ಜಿ-೬-ಪಿಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಮಕ್ಕಳಲ್ಲಿ ರಕ್ತದ ಕೆಂಪುಕಣಗಳನ್ನು ಒಡೆದು ಕಾಮಾಲೆಯನ್ನೂ ರಕ್ತಹೀನತೆಯನ್ನೂ ಉಂಟುಮಾಡಬಲ್ಲುದು. ಕೊರತೆಯಿರುವುದು ಹುಟ್ಟಿದ ಕೂಡಲೇ ತಾಯಿತಂದೆಗಳಿಗೆ ತಿಳಿದಿರುವುದಿಲ್ಲ. ಅಣ್ಣನ ಹಳೆಯ ಉಣ್ಣೆಯ ಕುಲಾವಿಯನ್ನು ಪೆಟ್ಟಿಗೆಯಿಂದ ತೆಗೆದು ನೆಟ್ಟಗೆ ತಮ್ಮನ ತಲೆಗೆ ತೊಡಿಸುವ ತಾಯಿ, ಅದನ್ನು ಒಗೆದು ಬಿಸಿಲಿನಲ್ಲಿ ಒಣಗಿಸಿ ತೊಡಿಸಬೇಕೆಂಬುದನ್ನು ನೆನಪಿಡಬೇಕು. ಮಕ್ಕಳಿರುವ ಮನೆಯಲ್ಲಿ ಗುಳಿಗೆಯ ಬದಲು ಒಣಗಿದ ಬೇವಿನೆಲೆ, ಲಾವಂಚದ ಬೇರುಗಳನ್ನು ಇಡುವುದೇ ಸುರಕ್ಷಿತ.

ಹೊಗೆಯಿಲ್ಲದ ಸುಗಂಧಗಳು ನಿರಪಾಯವಾದುವೆಂದು ಕೆಲವರು ಭಾವಿಸುವರು. ಡಬ್ಬಿಯಿಂದ ಸಿಂಪಡಿಸುವ, ವಿದ್ಯುತ್ತಿನ ಗೂಟಕ್ಕೆ ಸಿಕ್ಕಿಸುವ ಪರಿಮಳಗಳು ಇಂದು ನಗರದ ಮನೆಗಳಲ್ಲಿ ಸಾಮಾನ್ಯವಾಗಿವೆ. ಇವು ಗಾಳಿಯ ಕೊಳೆಯನ್ನು ತೆಗೆಯುವುದಿಲ್ಲ. ಕೊಳೆಯ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತವೆ. ನಿಂಬೆ ಕಿತ್ತಳೆಗಳ ಕಂಪನ್ನು ಕೊಡುವ ಲಿಮೊನೀನ್ ಎಂಬ ಆವಿಯು ಗಾಳಿಯಲ್ಲಿರುವ ಓಝೋನಿನೊಡನೆ ಕೂಡಿ ಫಾರ್ಮಾಲ್ಡಿಹೈಡನ್ನೂ ಹೊಸ ಸೂಕ್ಷ್ಮಕಣಗಳನ್ನೂ ಹುಟ್ಟಿಸುವುದು ರಸಾಯನಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ಅಮೆರಿಕದಲ್ಲಿ ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ವಿಚಾರಣೆಯೊಂದರಲ್ಲಿ, ಇಂತಹ ಗಾಳಿಯ ಪರಿಮಳಗಳಿಂದ ತಮಗೆ ತಲೆನೋವು, ಉಸಿರಿನ ತೊಂದರೆ ಮುಂತಾದುವು ಆಗುವುವೆಂದು ಹೇಳಿಕೊಂಡವರು ನೂರಕ್ಕೆ ಇಪ್ಪತ್ತು ಮಂದಿ. ೨೦೨೧ರಲ್ಲಿ ನಡೆದುದಂತೂ ಯಾರೂ ಊಹಿಸದ ಸಂಗತಿ. ಭಾರತದಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಕೋಣೆಯ ಸುಗಂಧದ್ರವದಲ್ಲಿ ಮೆಲಿಯಾಯ್ಡೋಸಿಸ್ ಎಂಬ ಘೋರವ್ಯಾಧಿಯ ಸೂಕ್ಷ್ಮಜೀವಿಯು ಸೇರಿಕೊಂಡಿದ್ದು, ಅಲ್ಲಿಯ ನಾಲ್ಕು ಬೇರೆಬೇರೆ ಸಂಸ್ಥಾನಗಳ ನಾಲ್ವರಿಗೆ ರೋಗ ತಗಲಿ ಇಬ್ಬರು ತೀರಿಕೊಂಡರು. ಸುಮಾರು ೩,೯೦೦ ಶೀಸೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಇಂತಹುದು ದಿನವೂ ನಡೆಯುವುದಲ್ಲ. ಆದರೆ ಶೀಸೆಯಲ್ಲಿ ಏನಿದೆಯೆಂದು ತಿಳಿಯದೆ ಅದನ್ನು ಮಲಗುವ ಕೋಣೆಯಲ್ಲಿ ಚಿಮುಕಿಸುತ್ತೇವೆಂಬುದಕ್ಕೆ ಇದೊಂದು ನಿದರ್ಶನ.

ಜನರಲ್ಲಿ ಈ ತಿಳಿವಳಿಕೆಯು ಏಕೆ ಹರಡಿಲ್ಲ? ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಏನೇನು ಬೆರೆತಿದೆಯೆಂದು ಅಚ್ಚಾಗಿರುತ್ತದೆ. ಉಸಿರಾಡುವ ಪದಾರ್ಥದ ಮೇಲೆ ಹೂವಿನ ಚಿತ್ರ, ದೇವರ ಚಿತ್ರ. ಒಂದು ಸಮಾಧಾನದ ಸಂಗತಿಯೆಂದರೆ, ೨೦೨೫ರ ಡಿಸೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆಯ ವತಿಯಿಂದ ಅಗರಬತ್ತಿಗೆಂದೇ ಐ.ಎಸ್. ೧೯೪೧೨ ಎಂಬ ಮಾನಕವು ಹೊರಬಂದಿದೆ. ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಫಿಪ್ರೊನಿಲ್ ಮೊದಲಾದ ಕೀಟನಾಶಕಗಳನ್ನೂ, ಹಾನಿಕರವೆಂದು ಶಂಕಿಸಿದ ಕೆಲವು ಕೃತಕ ಸುಗಂಧದ್ರವ್ಯಗಳನ್ನೂ ಬತ್ತಿಯಲ್ಲಿ ಬೆರೆಸಕೂಡದೆಂದು ಅದು ನಿಷೇಧಿಸಿದೆ. ಆ ಮುದ್ರೆಯುಳ್ಳ ಬತ್ತಿಯನ್ನೇ ಕೊಡಿರೆಂದು ಗೃಹಸ್ಥರು ಅಂಗಡಿಯವರನ್ನು ಕೇಳತೊಡಗಿದರೆ ಮಾತ್ರ ಆ ನಿಯಮಕ್ಕೆ ಬಲ ಬರುವುದು. ಆದರೆ ಇದನ್ನೂ ಮರೆಯಬಾರದು: ಮಾನಕಕ್ಕೆ ಒಪ್ಪಿದ ಬತ್ತಿಯೂ ಉರಿದಾಗ ಹೊಗೆಯನ್ನೇ ಕೊಡುತ್ತದೆ.

ಹೀಗೆ ಹೇಳಿದ ಕೂಡಲೇ ಎರಡು ಆಕ್ಷೇಪಣೆಗಳು ಬರುವುದು ಸಹಜ. ಮೊದಲನೆಯದು ಜೀವನೋಪಾಯದ ಪ್ರಶ್ನೆ. ಮೈಸೂರು ಬೆಂಗಳೂರುಗಳ ಸುತ್ತಿನಲ್ಲಿ ಮನೆಯಲ್ಲಿಯೇ ಕುಳಿತು ಬತ್ತಿ ಹೊಸೆದು ಸಂಸಾರ ಸಾಗಿಸಿದ ತಾಯಂದಿರು ಎಷ್ಟೋ ಮಂದಿ. ಅವರ ಅನ್ನಕ್ಕೆ ಕಲ್ಲು ಹಾಕುವುದು ನಮ್ಮ ಉದ್ದೇಶವಲ್ಲ. ಗಂಧವನ್ನು ಅರೆದು ಹೊಸೆದ ಒಳ್ಳೆಯ ಬತ್ತಿ ಒಂದನ್ನು ಕೊಳ್ಳುವವನು ಅಗ್ಗದ ಬತ್ತಿ ಹತ್ತನ್ನು ಕೊಳ್ಳುವವನಿಗಿಂತ ಕುಶಲಕರ್ಮಿಗೆ ಹೆಚ್ಚು ಉಪಕಾರವನ್ನು ಮಾಡುತ್ತಾನೆಂಬುದೇ ನಮ್ಮ ಎಣಿಕೆ. ಇದ್ದಿಲಿನ ಧೂಳಿನಲ್ಲಿ ಕೆಲಸ ಮಾಡುವ ಆ ತಾಯಂದಿರ ಉಸಿರೂ ಉಸಿರೇ ಎಂಬುದನ್ನು ಕೊಳ್ಳುವವರೂ ಮಾಡಿಸುವವರೂ ನೆನೆಯಬೇಕು.

ಎರಡನೆಯದು ಭಕ್ತಿಯ ಪ್ರಶ್ನೆ. ಇದೇ ಹೆಚ್ಚು ತೂಕದ್ದು. ತೈವಾನಿನ ರಾಜಧಾನಿಯಾದ ತೈಪೆಯಲ್ಲಿ ಶಿಂಗ್‌ತಿಯನ್ ಎಂಬ ಪ್ರಸಿದ್ಧ ದೇವಾಲಯವಿದೆ. ನಿತ್ಯವೂ ಅಸಂಖ್ಯಾತ ಭಕ್ತರು ಧೂಪದ ಕಡ್ಡಿಗಳನ್ನು ಹಿಡಿದು ಬರುತ್ತಿದ್ದ ಆ ದೇವಾಲಯದಲ್ಲಿ ೨೦೧೪ರ ಆಗಸ್ಟಿನಿಂದ ಧೂಪವನ್ನು ಸುಡುವುದನ್ನೇ ನಿಲ್ಲಿಸಿದರು. ಭಕ್ತರು ಈಗ ಬರಿಯ ಕೈಗಳನ್ನು ಜೋಡಿಸಿ ಪ್ರಾರ್ಥಿಸುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಆಗಬೇಕೆಂದು ನಾವು ಹೇಳುವುದಿಲ್ಲ. ಹೊಗೆ ಕಡಿಮೆಯಾದರೆ ಭಕ್ತಿಯು ಕಡಿಮೆಯಾಗುವುದೆಂಬುದು ಸತ್ಯವಲ್ಲವೆಂದಷ್ಟೇ ಹೇಳುತ್ತೇವೆ. ಪತ್ರ, ಪುಷ್ಪ, ಫಲ, ತೋಯಗಳಿಂದ ತೃಪ್ತನಾಗುವ ದೇವರಿಗೆ ಒಂದು ಕಡ್ಡಿ ಸಾಲದೆಂದು ಆರು ಹಚ್ಚುವುದು ಅವನಿಗಾಗಿಯೋ ನಮಗಾಗಿಯೋ?

ಇನ್ನು ಮಾಡತಕ್ಕದ್ದೇನು? ಅದು ಕಷ್ಟವೂ ಅಲ್ಲ, ವೆಚ್ಚದ್ದೂ ಅಲ್ಲ. ಬತ್ತಿ ಹಚ್ಚುವ ಮೊದಲು ಎದುರುಬದುರಾದ ಎರಡು ಕಿಟಕಿಗಳನ್ನು ತೆರೆಯಿರಿ; ಆರಿದ ಮೇಲೂ ಅರ್ಧ ಗಂಟೆ ತೆರೆದಿಡಿರಿ. ಒಂದು ಪೂಜೆಗೆ ಒಂದೇ ಕಡ್ಡಿ ಸಾಕು. ಪೂಜೆ ಮುಗಿದ ಮೇಲೆ ಅದನ್ನು ತುಳಸಿಯ ಕಟ್ಟೆಗೋ ಮೊಗಸಾಲೆಗೋ ಸಾಗಿಸಬಹುದು. ಮಲಗುವ ಕೋಣೆಯಲ್ಲಿ, ತೊಟ್ಟಿಲಿನ ಬಳಿಯಲ್ಲಿ, ರೋಗಿಯ ಮಗ್ಗುಲಲ್ಲಿ ಯಾವ ಹೊಗೆಯೂ ಬೇಡ. ಬೂದಿಯನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಯ ಬಟ್ಟೆಯಿಂದ ಒರಸಿರಿ. ದುರ್ವಾಸನೆ ಬಂದರೆ ಪರಿಮಳವನ್ನು ಚಿಮುಕಿಸುವ ಮೊದಲು ಅದರ ಮೂಲವನ್ನು ಹುಡುಕಿರಿ; ಒದ್ದೆ ಗೋಡೆ, ಕಟ್ಟಿದ ಬಚ್ಚಲು, ಒಣಗದ ಬಟ್ಟೆ ಇವುಗಳಿಗೆ ಔಷಧ ಬಿಸಿಲು ಮತ್ತು ಗಾಳಿ. ಕಂಪು ಬೇಕೆಂದರೆ ನಮ್ಮ ನಾಡಿಗೆ ಬಡತನವೇ? ಸಾಣೆಕಲ್ಲಿನ ಮೇಲೆ ತೇದ ಗಂಧವಿದೆ, ಒಂದು ಮೊಳ ಮಲ್ಲಿಗೆಯಿದೆ, ಬಟ್ಟಲ ನೀರಿನಲ್ಲಿ ತೇಲಿಬಿಟ್ಟ ಸಂಪಿಗೆಯಿದೆ, ಬೇಸಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿಯಿದೆ. ಹೂವಿನ ಕಂಪೂ ಸೇರದವರು ಕೆಲವರಿರುವರು. ಅವರಿಗೆ ತೆರೆದ ಕಿಟಕಿಯೇ ಪರಮೌಷಧ. ನಿಜವಾಗಿ ನೋಡಿದರೆ ಶುದ್ಧವಾದ ಗಾಳಿಗೆ ಯಾವ ವಾಸನೆಯೂ ಇಲ್ಲ.

ಆ ಶುಕ್ರವಾರ ರಾತ್ರಿ ಮಗುವು ಎದ್ದು ಕುಳಿತು ಕೆಮ್ಮುತ್ತಿರುವಾಗ ನಾವು ಈ ಮಾತನ್ನು ಅಜ್ಜಿಯವರೊಡನೆ ಎತ್ತಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ಅರವತ್ತು ವರ್ಷದಿಂದ ಹಚ್ಚಿದ್ದೇನೆ. ಮಗುವಿಗೆ ಒಳ್ಳೆಯದಾಗಲೆಂದೇ ಅದರ ಹೆಸರಿನಲ್ಲಿ ಒಂದು ಕಡ್ಡಿ ಹೆಚ್ಚಿಗೆ ಹಚ್ಚುತ್ತಿದ್ದೆ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಬೆಳಗ್ಗೆ ಎದ್ದು ನೋಡುವಾಗ ದೇವರ ಗೂಡಿನ ಹತ್ತಿರದ ಕಿಟಕಿ ತೆರೆದಿತ್ತು. ಬಾಳೆಯೆಲೆಯ ತುಂಡಿನಲ್ಲಿ ಸೇವಂತಿಗೆಯೂ ತೇದ ಗಂಧವೂ ಇದ್ದುವು. ಒಂದೇ ಒಂದು ಕಡ್ಡಿ ಹೊರಗಿನ ಬಾಲ್ಕನಿಯಲ್ಲಿ ತುಳಸಿಯ ಕುಂಡದಲ್ಲಿ ಹೊಗೆಯಾಡುತ್ತಿತ್ತು.

ಅದಾಗಿ ಕೆಲವು ತಿಂಗಳಾದುವು. ಹುಡುಗಿಯ ಉಬ್ಬಸವು ಪೂರ್ತಿಯಾಗಿ ವಾಸಿಯಾಯಿತೆಂದು ನಾವು ಹೇಳುವಂತಿಲ್ಲ. ವೈದ್ಯರ ಔಷಧವು ನಡೆದೇ ಇದೆ, ಮಳೆಗಾಲದಲ್ಲಿ ತೊಂದರೆಯೂ ಆಯಿತು. ಆದರೆ ಮೊನ್ನೆ ಅವಳ ತಾಯಿ ಬರೆದ ಕಾಗದದಲ್ಲಿ ಒಂದು ಸಾಲು ಇತ್ತು: ಶುಕ್ರವಾರದ ರಾತ್ರಿಯೂ ಈಗ ಉಳಿದ ರಾತ್ರಿಗಳಂತೆಯೇ ಕಳೆಯುತ್ತಿದೆ, ಮನೆಯವರೆಲ್ಲ ನಿದ್ರೆ ಮಾಡುತ್ತಿದ್ದೇವೆ ಎಂದು. ವಾಚಕರು ತಮ್ಮ ಮನೆಯಲ್ಲಿಯೂ ಈ ಸಂಜೆ ದೀಪ ಹಚ್ಚುವ ಮೊದಲು ಒಂದು ಕಿಟಕಿಯನ್ನು ತೆರೆದರೆ ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆವು.